ಟೆಂಪ್ ಫೈಲಿನಿಂದಾಗಿ ನಿನ್ನೆಯ ಅಡಿಕೆ ದರ ಇವತ್ತು ಹೋಯಿತು: ಶೆಲ್ ಸ್ಕ್ರಿಪ್ಟಿನಲ್ಲಿ ಸರಿಯಾದ ದಾರಿ ಯಾವುದು?

ತೋಟದಮನೆ – ಸೋಮವಾರ, ರಾತ್ರಿ 8:50

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಸಂಘದ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಶಿವಮೊಗ್ಗ ಮಾರುಕಟ್ಟೆಯ ರಾಶಿ, ಬೆಟ್ಟೆ, ಸರಕು, ಗೊರಬಲು ದರಗಳನ್ನು ದಿನಾ ಬೆಳಿಗ್ಗೆ ತೆಗೆದು ಸದಸ್ಯರ ಫೋನಿಗೆ ಎಸ್ಸೆಮ್ಮೆಸ್ ಕಳಿಸುವ ಶೆಲ್ ಸ್ಕ್ರಿಪ್ಟ್ (ಕಮಾಂಡುಗಳನ್ನು ಸಾಲಾಗಿ ಓಡಿಸುವ ಫೈಲು) ಒಂದಿದೆ. ನಾನೇ ಬರೆದದ್ದು. ಎರಡು ವರ್ಷ ಏನೂ ತೊಂದರೆ ಕೊಟ್ಟಿರಲಿಲ್ಲ.

ಸ್ಕ್ರಿಪ್ಟ್ ಮಾಡುವುದು ಇಷ್ಟು. /ಟಿಎಂಪಿ (ತಾತ್ಕಾಲಿಕ, ಅಂದರೆ ಟೆಂಪ್ ಫೈಲುಗಳನ್ನು ಇಡುವ ಎಲ್ಲರ ಫೋಲ್ಡರ್) ಒಳಗೆ 'ದರ' ಅನ್ನುವ ಫೈಲಿಗೆ ಆ ದಿನದ ದರ ಬರೆಯುತ್ತದೆ. ಅದನ್ನೇ ಓದಿ ಎಲ್ಲರಿಗೂ ಕಳಿಸುತ್ತದೆ. ಕೊನೆಗೆ ಫೈಲನ್ನು ಅಳಿಸುತ್ತದೆ. ಕಳೆದ ವಾರ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಅದನ್ನು ರೂಟ್ (ಎಲ್ಲ ಹಕ್ಕೂ ಇರುವ ಬಳಕೆದಾರ) ಹೆಸರಲ್ಲಿ ಓಡಿಸುತ್ತಿದ್ದಾಗ ಮಧ್ಯದಲ್ಲಿ ನೆಟ್ ಹೋಯಿತು. ಸ್ಕ್ರಿಪ್ಟ್ ಅಲ್ಲೇ ನಿಂತಿತು. ನಾನು ಅದನ್ನು ಕಿಲ್ ಮಾಡಿ ಮನೆಗೆ ಹೋದೆ. 'ದರ' ಫೈಲು ಅಲ್ಲೇ ಉಳಿಯಿತು, ರೂಟ್ ಒಡೆತನದಲ್ಲಿ. ಮರುದಿನ ಬೆಳಿಗ್ಗೆ ನನ್ನ ಸ್ವಂತ ಲಾಗಿನ್‌ನಿಂದ ಕೈಯಲ್ಲೇ ಓಡಿಸಿದೆ. ಹೊಸ ದರ ಬರೆಯಲು ಆ ಫೈಲು ಬಿಡಲಿಲ್ಲ. ಆದರೆ ಓದಲು ಬಿಟ್ಟಿತು. ಸ್ಕ್ರಿಪ್ಟ್ ಮುಂದೆ ಹೋಗಿ ಹಿಂದಿನ ದಿನದ ದರವನ್ನೇ ಎಲ್ಲರಿಗೂ ಕಳಿಸಿತು.

ಸದಸ್ಯರೊಬ್ಬರು ಆ ದರ ನಂಬಿ ನಾಲ್ಕು ಚೀಲ ರಾಶಿ ಅಡಿಕೆಯನ್ನು ಜೀಪಿಗೆ ಹಾಕಿಕೊಂಡು ಮಂಡಿಗೆ ಹೋಗಿಬಿಟ್ಟಿದ್ದರು. ಅಲ್ಲಿ ದರ ಇಳಿದಿತ್ತು. ಅವರು ನನಗೆ ಒಂದು ಮಾತೂ ಅನ್ನಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚಿತು.

ಫೈಲಿನ ಹೆಸರಿಗೆ $$ (ಓಡುತ್ತಿರುವ ಶೆಲ್‌ಗೆ ಸಿಸ್ಟಮ್ ಕೊಡುವ ನಂಬರ್) ಸೇರಿಸಿದರೆ ಸಾಕು ಅಂತ ಒಬ್ಬರು ಹೇಳಿದರು. ಸಾಕಾ? ಆಫೀಸಿನಲ್ಲಿ ಉಬುಂಟು ಇದೆ. ಕೆಲವು ಸಲ ತಂಗಿಯ ಮ್ಯಾಕ್‌ನಲ್ಲೂ ಓಡಿಸಬೇಕಾಗುತ್ತದೆ. ಎರಡೂ ಕಡೆ ನಡೆಯುವಂಥದ್ದು ಬೇಕು.

ಶರಾವತಿ ದಂಡೆ – ಸೋಮವಾರ, ರಾತ್ರಿ 9:35

ತೋಟದಮನೆಯವರೇ, $$ ಸೇರಿಸಿ ಇಷ್ಟಕ್ಕೇ ಬಿಡಬೇಡಿ. ಅದು ಈಗಿನ ತೊಂದರೆಯನ್ನು ಮುಚ್ಚುತ್ತದೆ, ತೆಗೆಯುವುದಿಲ್ಲ. ಸಾಗರದಲ್ಲಿ ಕೂತು ಹದಿನೈದು ವರ್ಷದಿಂದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಇದೇ ತಪ್ಪನ್ನು ಬೇರೆ ಬೇರೆ ರೂಪದಲ್ಲಿ ಎಷ್ಟು ಸಲ ನೋಡಿದ್ದೇನೋ.

/ಟಿಎಂಪಿಯನ್ನು ಮಂಡಿಯ ಅಂಗಳ ಅಂತ ತಿಳಿಯಿರಿ. ಯಾರು ಬೇಕಾದರೂ ಬಂದು ಚೀಲ ಇಳಿಸಬಹುದು. ಇನ್ನೊಬ್ಬರ ಚೀಲ ಎತ್ತಿಕೊಂಡು ಹೋಗುವ ಹಾಗಿಲ್ಲ. ಅದರ ಪರ್ಮಿಷನ್ (ಯಾರು ಓದಬಹುದು, ಯಾರು ಬರೆಯಬಹುದು ಎಂದು ಹೇಳುವ ಸಂಖ್ಯೆ) 1777. ಎಲ್ಲಕ್ಕಿಂತ ಮುಂದಿರುವ 1 ಸ್ಟಿಕಿ ಬಿಟ್. ನಿಮ್ಮ ಫೈಲನ್ನು ಬೇರೆಯವರು ಅಳಿಸದ ಹಾಗೆ ಅದು ಕಾಯುತ್ತದೆ. ಆದರೆ ನೀವು ಇಳಿಸಬೇಕೆಂದಿದ್ದ ಜಾಗದಲ್ಲಿ ಬೇರೆಯವರು ಮೊದಲೇ ಬಂದು ಚೀಲ ಇಟ್ಟಿದ್ದರೆ ಅದು ಏನೂ ಮಾಡುವುದಿಲ್ಲ. ನಿಮ್ಮ ವಿಷಯದಲ್ಲಿ ಮೊದಲು ಬಂದದ್ದು ನಿಮ್ಮದೇ ರೂಟ್ ಫೈಲು. ಅದಕ್ಕೆ ಹಳೆಯ ದರದಷ್ಟಕ್ಕೇ ಮುಗಿಯಿತು.

ಕೇಡು ಮಾಡಲೆಂದೇ ಬಂದವನು ಅಲ್ಲಿ ಚೀಲ ಇಡುವುದಿಲ್ಲ. ಒಂದು ಸಿಂಬಾಲಿಕ್ ಲಿಂಕ್ ಇಡುತ್ತಾನೆ. ಹೆಸರು 'ದರ', ಆದರೆ ಅದು ತೋರಿಸುವುದು ನಿಮ್ಮ ಸಂಘದ ಖಾತೆ ಫೈಲನ್ನು. ನೀವು ರೂಟ್ ಆಗಿ > (ಫೈಲಿಗೆ ಬರೆಸುವ ಶೆಲ್ ಗುರುತು) ಹಾಕಿ ಬರೆದಿರಿ. ಶೆಲ್ ಆ ಲಿಂಕ್ ಹಿಡಿದು ಹೋಗುತ್ತದೆ, ಖಾತೆ ಫೈಲನ್ನು ಖಾಲಿ ಮಾಡುತ್ತದೆ, ಅದರ ಮೇಲೆ ಅಡಿಕೆ ದರ ಬರೆಯುತ್ತದೆ. ಈ ದಾಳಿ ಎಷ್ಟು ಹಳೆಯದೆಂದರೆ, ಲಿನಕ್ಸ್ ಕರ್ನಲ್‌ನಲ್ಲೇ (ಸಿಸ್ಟಮ್‌ನ ತಿರುಳಿನಲ್ಲೇ) 2012ರ 3.6 ಆವೃತ್ತಿಯಿಂದ ಇದಕ್ಕೆ ಒಂದು ತಡೆ ಇಟ್ಟಿದ್ದಾರೆ. /ಟಿಎಂಪಿಯಂಥ ಜಾಗದಲ್ಲಿ ಬೇರೆಯವರು ಇಟ್ಟ ಲಿಂಕ್ ಹಿಡಿದು ಹೋಗದ ಹಾಗೆ ಅದು ತಡೆಯುತ್ತದೆ. ಒಳ್ಳೆಯದೇ. ಆದರೆ ಆ ತಡೆ ಲಿನಕ್ಸ್‌ನದು. ಎಲ್ಲ ಕಡೆ ನಡೆಯಬೇಕಾದ ಸ್ಕ್ರಿಪ್ಟ್ ಅದನ್ನು ನಂಬಿ ಕೂರಬಾರದು.

ಇನ್ನು $$. ಅದು ಶೆಲ್‌ನ ಪ್ರೋಸೆಸ್ ನಂಬರ್. ಲಿನಕ್ಸ್‌ನಲ್ಲಿ ಬಹಳ ಕಾಲ ಅದರ ಮಿತಿ 32768 ಇತ್ತು. ಅಷ್ಟೂ ಹೆಸರಿಗೆ ಮೊದಲೇ ಲಿಂಕ್ ಮಾಡಿಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಈಗ ಎಷ್ಟೋ ಕಡೆ ಮಿತಿ 40 ಲಕ್ಷ ದಾಟಿದೆ, ನಿಜ. ಆದರೂ ನಂಬರ್‌ಗಳು ಸಾಲಾಗಿ ಬರುವುದರಿಂದ ಮುಂದಿನದು ಯಾವುದು ಎಂದು ಊಹಿಸುವುದು ಕಷ್ಟವಲ್ಲ. ಇನ್ನೂ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ: ಆವರಣದೊಳಗೆ ಓಡುವ ಸಬ್‌ಶೆಲ್‌ನಲ್ಲೂ (ಶೆಲ್ ಹುಟ್ಟಿಸುವ ಮರಿ ಶೆಲ್‌ನಲ್ಲೂ) $$ ಬದಲಾಗುವುದಿಲ್ಲ. ತಾಯಿ ಶೆಲ್‌ನ ನಂಬರೇ ಇರುತ್ತದೆ. ರಾಶಿಗೆ ಒಂದು, ಬೆಟ್ಟೆಗೆ ಒಂದು ಅಂತ ಎರಡು ಕೆಲಸವನ್ನು ಒಟ್ಟಿಗೆ ಹಿನ್ನೆಲೆಗೆ ಬಿಟ್ಟರೆ ಎರಡೂ ಒಂದೇ ಫೈಲಿನ ಮೇಲೆ ಬರೆಯುತ್ತವೆ.

ಅದಕ್ಕೇ ನಾನು ಹೇಳುವುದು, ಹೆಸರು ಕಟ್ಟುವ ಕೆಲಸ ನಮ್ಮದಾಗಬಾರದು. ಫೈಲು ಹುಟ್ಟುವ ಕ್ಷಣದಲ್ಲೇ ಅದು ನಮ್ಮದಾಗಿ ಹುಟ್ಟಬೇಕು.

ತುಂಗೆ ಹುಡುಗ – ಸೋಮವಾರ, ರಾತ್ರಿ 9:52

ಅಕ್ಕ, ನಾನು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಒಂದು ಸಂಶಯ. ಆ ಹೆಸರಿನ ಫೈಲು ಇದೆಯಾ ಎಂದು ಮೊದಲು ಟೆಸ್ಟ್ ಮಾಡಿ, ಇಲ್ಲದಿದ್ದರೆ ಮಾತ್ರ ಬರೆದರೆ ಆಗಲ್ವಾ? ಒಂದು ಇಫ್ ಸಾಕಲ್ವಾ?

ಶರಾವತಿ ದಂಡೆ – ಸೋಮವಾರ, ರಾತ್ರಿ 10:10

ಸಾಕಾಗುವುದಿಲ್ಲ ತಮ್ಮಾ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಸಾಗರದ ಬಸ್ಸಿಗೆ ನಿಂತಿದ್ದೀಯ. ಕಿಟಕಿಯಿಂದ ನೋಡಿದೆ, ಸೀಟು ಖಾಲಿ ಇದೆ. ಬಾಗಿಲು ಸುತ್ತಿ ಹತ್ತಿ ಬರುವಷ್ಟರಲ್ಲಿ ಅಲ್ಲಿ ಯಾರೋ ಕೂತಿದ್ದಾರೆ. ನೋಡಿದ್ದು ಸುಳ್ಳಲ್ಲ. ನೋಡಿದ್ದಕ್ಕೂ ಕೂತದ್ದಕ್ಕೂ ನಡುವೆ ಸಮಯ ಇತ್ತು, ಅಷ್ಟೇ. ಅದಕ್ಕೇ ನಮ್ಮ ಕಡೆ ಕಿಟಕಿಯಿಂದಲೇ ಟವೆಲ್ ಹಾಕುವುದು.

ಇಫ್ ಅಂದರೆ ಕಿಟಕಿಯಿಂದ ನೋಡಿದ ಹಾಗೆ. ಬರೆಯುವುದು ಅಂದರೆ ಹೋಗಿ ಕೂತ ಹಾಗೆ. ನಡುವಿನ ಆ ಒಂದು ಮಿಲಿಸೆಕೆಂಡಿನಲ್ಲಿ ಲಿಂಕ್ ಬಂದು ಕೂರಬಹುದು. ದಾಳಿ ಮಾಡುವವನು ಸಾವಿರ ಸಲ ಪ್ರಯತ್ನ ಮಾಡಬಹುದು, ಅವನಿಗೆ ಒಂದು ಸಲ ಸಿಕ್ಕರೆ ಸಾಕು. ನಮಗೆ ಬೇಕಾದದ್ದು ನೋಡುವುದೂ ಹಿಡಿಯುವುದೂ ಒಂದೇ ಕೆಲಸ ಆಗುವ ದಾರಿ. 'ಈ ಹೆಸರಿನದು ಇಲ್ಲದಿದ್ದರೆ ಮಾತ್ರ ಹುಟ್ಟಿಸು, ಇದ್ದರೆ ಸೋಲು' ಎಂದು ಕರ್ನಲ್‌ಗೆ ಒಂದೇ ಮಾತಿನಲ್ಲಿ ಹೇಳಬೇಕು. ಕರ್ನಲ್‌ನಲ್ಲಿ ಆ ಸೌಲಭ್ಯ ಇದೆ. ಅದನ್ನು ಶೆಲ್‌ಗೆ ತಂದುಕೊಡುವ ಕಮಾಂಡೇ ಎಂಕೆಟೆಂಪ್.

ಎಂಕೆಟೆಂಪ್ ಮೊದಲು ಬಂದದ್ದು ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ 2.1ರಲ್ಲಿ, 1997ರಲ್ಲಿ. ಅಲ್ಲಿಂದ ಉಳಿದ ಬಿಎಸ್‌ಡಿಗಳಿಗೂ ಲಿನಕ್ಸ್‌ಗೂ ಮ್ಯಾಕ್‌ಗೂ ಬಂತು. ನೀವು ಒಂದು ಅಚ್ಚು ಕೊಡುತ್ತೀರಿ. ಅದರ ಕೊನೆಯಲ್ಲಿ ದೊಡ್ಡ ಎಕ್ಸ್ ಅಕ್ಷರಗಳು ಇರಬೇಕು. ಅವುಗಳ ಜಾಗಕ್ಕೆ ಊಹಿಸಲಾಗದ ಅಕ್ಷರ ತುಂಬಿ, ಫೈಲನ್ನು ಹುಟ್ಟಿಸಿ, ಹೆಸರನ್ನು ನಿಮಗೆ ಹೇಳುತ್ತದೆ. ಫೈಲಿನ ಪರ್ಮಿಷನ್ 0600, ಅಂದರೆ ಒಡೆಯ ಮಾತ್ರ ಓದಿ ಬರೆಯಬಹುದು. ಮೈನಸ್ ಡಿ ಹಾಕಿದರೆ ಫೈಲಿನ ಬದಲು ಫೋಲ್ಡರ್ ಹುಟ್ಟುತ್ತದೆ, ಪರ್ಮಿಷನ್ 0700.

ನನ್ನ ಸಲಹೆ, ಯಾವಾಗಲೂ ಫೋಲ್ಡರನ್ನೇ ಮಾಡಿ. ಅದು ನಿಮ್ಮ ಸ್ವಂತ ಕೋಣೆ. ಒಳಗೆ ಬೇರೆ ಯಾರೂ ಬರುವುದಿಲ್ಲ (ರೂಟ್ ಬಿಟ್ಟು). ಆಮೇಲೆ ಒಳಗಿನ ಫೈಲುಗಳಿಗೆ ದರ, ಪಟ್ಟಿ, ಸಂದೇಶ ಅಂತ ಸೀದಾ ಹೆಸರು ಇಟ್ಟುಕೊಳ್ಳಬಹುದು. ಅಳಿಸುವಾಗಲೂ ಒಂದೇ ಫೋಲ್ಡರ್ ಅಳಿಸಿದರೆ ಮುಗಿಯಿತು. ಸದಸ್ಯರ ಫೋನ್ ನಂಬರ್, ಬಾಕಿ ಲೆಕ್ಕ ಎಲ್ಲ ಇಲ್ಲಿಯವರೆಗೆ /ಟಿಎಂಪಿಯಲ್ಲಿ ಎಲ್ಲರೂ ಓದುವ ಹಾಗೆ ಬಿದ್ದಿರುತ್ತಿತ್ತಲ್ಲ. ಅದೂ ಇದರಿಂದ ತಪ್ಪುತ್ತದೆ.

ಕುಪ್ಪಳಿ ದಾರಿ – ಸೋಮವಾರ, ರಾತ್ರಿ 11:05

ಮ್ಯಾಕ್ ಬಳಸುವವನಾಗಿ ನನ್ನ ಅನುಭವ ಹೇಳಿಬಿಡುತ್ತೇನೆ ಮಾರಾಯ್ರೇ, ಇಲ್ಲಿ ನಾನು ಒಂದು ಇಡೀ ಭಾನುವಾರ ಕಳೆದಿದ್ದೇನೆ.

ಅಚ್ಚಿನ ಕೊನೆಯಲ್ಲೇ ಎಕ್ಸ್ ಇರಬೇಕು. ನಾನು ಎಕ್ಸ್‌ಗಳ ಆಚೆಗೆ ಒಂದು ಚುಕ್ಕೆ ಇಟ್ಟು 'ಟಿಎಕ್ಸ್‌ಟಿ' ಅಂತ ಹಾಕಿದ್ದೆ. ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯಿತು. ಮ್ಯಾಕ್‌ನಲ್ಲಿ ಎಕ್ಸ್‌ಗಳು ಬದಲಾಗಲೇ ಇಲ್ಲ. ಎಕ್ಸ್ ಅಂತಲೇ ಬರೆದಿರುವ ಫೈಲು ಹುಟ್ಟಿತು. ಮೊದಲ ಸಲ ಸರಿಹೋಯಿತು, ಎರಡನೇ ಸಲ 'ಫೈಲು ಆಗಲೇ ಇದೆ' ಎಂದು ನಿಂತಿತು. ಅಷ್ಟು ಹೊತ್ತು ನಾನು ಬೇರೆ ಎಲ್ಲೋ ತಪ್ಪು ಹುಡುಕುತ್ತಿದ್ದೆ. ಹೆಸರಿನ ಕೊನೆಗೆ ಬಾಲ ಬೇಕೇ ಬೇಕು ಅಂದರೆ ಅಕ್ಕ ಹೇಳಿದ ಹಾಗೆ ಫೋಲ್ಡರ್ ಮಾಡಿ. ಒಳಗೆ ಯಾವ ಬಾಲದ ಹೆಸರನ್ನಾದರೂ ಇಡಬಹುದು.

ಮೈನಸ್ ಟಿ ಮುಟ್ಟಬೇಡಿ. ಲಿನಕ್ಸ್‌ನ ಗ್ನೂ ಎಂಕೆಟೆಂಪ್‌ನಲ್ಲಿ ಅದರ ಮುಂದೆ ಎಕ್ಸ್ ಇರುವ ಅಚ್ಚು ಕೊಡಬೇಕು. ಮ್ಯಾಕ್‌ನಲ್ಲಿ ಅದರ ಮುಂದಿನದ್ದು ಬರೀ ಹೆಸರಿನ ಮುಂಭಾಗ, ಎಕ್ಸ್ ಬೇಕಿಲ್ಲ. ಅಕ್ಷರ ಒಂದೇ, ಅರ್ಥ ಬೇರೆ. ಹೆಸರಿಗೆ ಬಾಲ ಸೇರಿಸುವ ಸಫಿಕ್ಸ್ ಆಯ್ಕೆ ಗ್ನೂದಲ್ಲಿ ಇದೆ, ಮ್ಯಾಕ್‌ನಲ್ಲಿ ಇಲ್ಲ. ಎಕ್ಸ್ ಆರಕ್ಕಿಂತ ಕಡಿಮೆ ಇದ್ದರೆ ಓಪನ್‌ಬಿಎಸ್‌ಡಿ ಒಪ್ಪುವುದಿಲ್ಲ, ಗ್ನೂ ಮೂರಕ್ಕೂ ಒಪ್ಪುತ್ತದೆ. ಆದ್ದರಿಂದ ಆರು ಹಾಕಿ. ಇನ್ನೂ ನಾಲ್ಕು ಜಾಸ್ತಿ ಹಾಕಿದರೂ ಯಾರೂ ಬೇಡ ಅನ್ನುವುದಿಲ್ಲ.

ಇನ್ನೊಂದು, /ಟಿಎಂಪಿ ಎಂದು ಗಟ್ಟಿಯಾಗಿ ಬರೆಯಬೇಡಿ. ಟಿಎಂಪಿಡಿಐಆರ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್ ಇದ್ದರೆ ಅದನ್ನು ತೆಗೆದುಕೊಳ್ಳಿ, ಇಲ್ಲದಿದ್ದರೆ /ಟಿಎಂಪಿ. ಮ್ಯಾಕ್‌ನಲ್ಲಿ ಅದು ಪ್ರತಿ ಬಳಕೆದಾರನಿಗೂ ಬೇರೆ ಬೇರೆ ಜಾಗ ತೋರಿಸುತ್ತದೆ, ಅಂದರೆ ಅಂಗಳದ ರಗಳೆಯೇ ಅಲ್ಲಿ ಅರ್ಧ ಇಲ್ಲ. ಇಡೀ ದಾರಿಯನ್ನು ಡಬಲ್ ಕೋಟ್ಸ್ ಒಳಗೆ ಹಾಕಿ. ದಾರಿಯಲ್ಲಿ ಎಲ್ಲೋ ಒಂದು ಸ್ಪೇಸ್ ಇದ್ದರೆ ಕೋಟ್ಸ್ ಇಲ್ಲದೆ ಎರಡು ತುಂಡಾಗುತ್ತದೆ.

ತೋಟದಮನೆ – ಮಂಗಳವಾರ, ಬೆಳಿಗ್ಗೆ 6:20

ಹಾಲು ಕರೆದು ಬಂದು ಎಲ್ಲ ಓದಿದೆ. ತುಂಬಾ ಉಪಕಾರ. ಎರಡು ಪ್ರಶ್ನೆ. ಎಂಕೆಟೆಂಪ್ ಸೋತರೆ ಏನಾಗುತ್ತದೆ? ಸ್ಕ್ರಿಪ್ಟನ್ನು ಮಧ್ಯದಲ್ಲೇ ನಿಲ್ಲಿಸಿದರೆ ಫೋಲ್ಡರ್ ಅಳಿಸುವುದು ಯಾರು?

ಶರಾವತಿ ದಂಡೆ – ಮಂಗಳವಾರ, ಬೆಳಿಗ್ಗೆ 7:45

ಮೊದಲನೆಯ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಯಾಕೆಂದರೆ ಕಳೆದ ವಾರದ ತಪ್ಪಿನಲ್ಲಿ ಹೆಸರಿನ ಪಾಲು ಅರ್ಧ ಮಾತ್ರ. ಇನ್ನರ್ಧ, ಬರೆಯಲು ಆಗದಿದ್ದರೂ ಸ್ಕ್ರಿಪ್ಟ್ ಮುಂದೆ ಹೋದದ್ದು. ಶೆಲ್ ಹಾಗೆಯೇ. ಒಂದು ಸಾಲು ಸೋತರೂ ಮುಂದಿನ ಸಾಲಿಗೆ ಹೋಗುತ್ತದೆ. ಎಂಕೆಟೆಂಪ್ ಸಾಲಿನ ಕೊನೆಗೆ || ('ಸೋತರೆ ಇದು ಮಾಡು' ಎಂಬ ಗುರುತು) ಹಾಕಿ 'ಎಕ್ಸಿಟ್ 1' ಬರೆಯಿರಿ. ದರ ಬರೆಯುವ ಸಾಲಿಗೂ ಅದನ್ನೇ ಹಾಕಿ. ದರ ಹೋಗದೆ ಇದ್ದರೆ ಸದಸ್ಯರು ಫೋನ್ ಮಾಡಿ ಕೇಳುತ್ತಾರೆ. ತಪ್ಪು ದರ ಹೋದರೆ ಜೀಪು ಹತ್ತುತ್ತಾರೆ.

ಇದನ್ನು ಬಿಟ್ಟರೆ ಇನ್ನೂ ಕೆಟ್ಟದ್ದು ಆಗಬಹುದು. ಎಂಕೆಟೆಂಪ್ ಸೋತಿತು, ವೇರಿಯಬಲ್ ಖಾಲಿ ಉಳಿಯಿತು ಅಂತಿಟ್ಟುಕೊಳ್ಳಿ. ಕೊನೆಯಲ್ಲಿ ಆ ವೇರಿಯಬಲ್‌ನ ಮುಂದೆ /* ಹಾಕಿ ಆರ್‌ಎಂ ಮೈನಸ್ ಆರ್‌ಎಫ್ (ಒಳಗಿನದ್ದೆಲ್ಲವನ್ನೂ ಕೇಳದೆ ಅಳಿಸುವ ಕಮಾಂಡ್) ಮಾಡುವ ಸಾಲು ಇದ್ದರೆ, ಉಳಿಯುವುದು ಬರೀ /*. ರೂಟ್ ಆಗಿದ್ದರೆ ಇಡೀ ಕಂಪ್ಯೂಟರ್ ಹೋಯಿತು. ಆದ್ದರಿಂದ ಫೋಲ್ಡರಿನ ಒಳಗಿನದ್ದನ್ನು ಅಳಿಸುವ ಸಾಲು ಬರೆಯಬೇಡಿ, ಫೋಲ್ಡರನ್ನೇ ಅಳಿಸಿ. ಅದೂ ವೇರಿಯಬಲ್ ಖಾಲಿ ಇಲ್ಲ ಎಂದು ನೋಡಿದ ಮೇಲೆ.

ಎರಡನೆಯದಕ್ಕೆ ಟ್ರ್ಯಾಪ್ ಇದೆ. ಸ್ಕ್ರಿಪ್ಟ್ ಮುಗಿಯುವಾಗ ಈ ಕೆಲಸ ಮಾಡು ಎಂದು ಶೆಲ್‌ಗೆ ಮೊದಲೇ ಹೇಳಿಡುವುದು. ಅದರ ಹೆಸರು ಎಕ್ಸಿಟ್ ಟ್ರ್ಯಾಪ್. ಇಲ್ಲಿ ಒಂದು ಕಡೆ ಎಡವುವವರು ಬಹಳ. ಕಂಟ್ರೋಲ್-ಸಿ ಒತ್ತಿದಾಗಲೂ ಬ್ಯಾಶ್ ಎಂಬ ಶೆಲ್ ಎಕ್ಸಿಟ್ ಟ್ರ್ಯಾಪ್ ಓಡಿಸುತ್ತದೆ. ಡ್ಯಾಶ್ ಎಂಬ ಶೆಲ್ ಓಡಿಸುವುದಿಲ್ಲ. ಉಬುಂಟುವಿನಲ್ಲಿ 2006ರಿಂದಲೂ /ಬಿನ್/ಎಸ್‌ಎಚ್ (ಸ್ಕ್ರಿಪ್ಟ್ ಓಡಿಸುವ ಮಾಮೂಲಿ ಶೆಲ್) ಅಂದರೆ ಡ್ಯಾಶ್. ನಿಮ್ಮ ಆಫೀಸಿನ ಕಂಪ್ಯೂಟರಿನಲ್ಲೂ ಅದೇ. ಆದ್ದರಿಂದ ಸಿಗ್ನಲ್‌ಗಳಿಗೆ (ಓಡುತ್ತಿರುವ ಪ್ರೋಗ್ರಾಮಿಗೆ ನಿಲ್ಲು ಎಂದು ಬರುವ ಸೂಚನೆಗಳಿಗೆ) ಬೇರೆಯಾಗಿ ಟ್ರ್ಯಾಪ್ ಹಾಕಬೇಕು. ಎಚ್‌ಯುಪಿ (ಟರ್ಮಿನಲ್ ಮುಚ್ಚಿದಾಗ) ಬಂದರೆ 'ಎಕ್ಸಿಟ್ 129', ಐಎನ್‌ಟಿ (ಕಂಟ್ರೋಲ್-ಸಿ) ಬಂದರೆ 'ಎಕ್ಸಿಟ್ 130', ಟರ್ಮ್ (ಮಾಮೂಲಿ ಕಿಲ್) ಬಂದರೆ 'ಎಕ್ಸಿಟ್ 143'. ಎಕ್ಸಿಟ್ ಕರೆದ ಕೂಡಲೇ ಎಕ್ಸಿಟ್ ಟ್ರ್ಯಾಪ್ ತಾನಾಗಿ ಓಡುತ್ತದೆ. ಆ ಸಂಖ್ಯೆಗಳು ಬಂದದ್ದು 128ಕ್ಕೆ ಸಿಗ್ನಲ್‌ನ ನಂಬರ್ ಕೂಡಿಸಿ.

ಕ್ರಮವೂ ಮುಖ್ಯ. ಮೊದಲು ವೇರಿಯಬಲ್‌ಗೆ ಖಾಲಿ ಬೆಲೆ ಕೊಡಿ. ಕೊಡದಿದ್ದರೆ ಅದೇ ಹೆಸರಿನ ವೇರಿಯಬಲ್ ಹೊರಗಿನ ಎನ್ವಿರಾನ್ಮೆಂಟ್‌ನಿಂದ ಬಂದಿರಬಹುದು, ಅದು ತೋರಿಸುವ ಫೋಲ್ಡರ್ ಅಳಿಸಿಹೋಗಬಹುದು. ಆಮೇಲೆ ಟ್ರ್ಯಾಪ್‌ಗಳು. ಆಮೇಲೆ ಎಂಕೆಟೆಂಪ್. ಟ್ರ್ಯಾಪ್‌ನ ಕಮಾಂಡನ್ನು ಸಿಂಗಲ್ ಕೋಟ್ಸ್ ಒಳಗೆ ಬರೆಯಿರಿ. ಡಬಲ್ ಕೋಟ್ಸ್ ಹಾಕಿದರೆ ವೇರಿಯಬಲ್ ಅಲ್ಲೇ ಆ ಕ್ಷಣಕ್ಕೇ ಬಿಡಿಸಿಕೊಳ್ಳುತ್ತದೆ, ಆಗ ಅದು ಖಾಲಿ ಇರುತ್ತದೆ.

ಕಿಲ್ ಮೈನಸ್ 9 ಮತ್ತು ಕರೆಂಟ್ ಹೋಗುವುದು, ಇವೆರಡನ್ನು ಯಾವ ಟ್ರ್ಯಾಪ್ ಕೂಡ ಹಿಡಿಯುವುದಿಲ್ಲ. ಮಳೆಗಾಲದ ಮಲೆನಾಡಿನಲ್ಲಿ ಎರಡನೆಯದನ್ನು ನಾನು ಹೇಳಬೇಕಾಗಿಲ್ಲ.

ಮಳೆಮಾಪಕ – ಮಂಗಳವಾರ, ಮಧ್ಯಾಹ್ನ 1:15

ಕರೆಂಟಿನ ಮಾತು ಬಂದದ್ದಕ್ಕೆ ನಾನೂ ಸೇರಿಕೊಳ್ಳುತ್ತೇನೆ. ಆಗುಂಬೆ ಹತ್ತಿರ ನಮ್ಮ ಮನೆ. ಅಂಗಳದಲ್ಲಿ ತೊಟ್ಟಿ ಮಗುಚುವ ಮಳೆಮಾಪಕ ಇದೆ. ಒಂದು ಸಲ ಮಗುಚಿದರೆ 0.2 ಮಿಲಿಮೀಟರ್ ಮಳೆ. ಹಳೆಯ ರೂಟರ್‌ಗೆ ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಲಿನಕ್ಸ್) ಹಾಕಿ, ಎಷ್ಟು ಸಲ ಮಗುಚಿತು ಎಂದು ಎಣಿಸಲು ಬಿಟ್ಟಿದ್ದೇನೆ. ಅದರಲ್ಲಿರುವುದು ಬಿಸಿಬಾಕ್ಸ್, ಸಣ್ಣ ಯಂತ್ರಗಳಿಗೆ ಮಾಡಿದ ಕಮಾಂಡುಗಳ ಕಟ್ಟು. ಎಂಕೆಟೆಂಪ್ ಅದರಲ್ಲೂ ಇದೆ, ಆರು ಎಕ್ಸ್ ಕೊಟ್ಟರೆ ತಕರಾರಿಲ್ಲ.

ನಾನು ಮಾಡಿದ ತಪ್ಪು ಬೇರೆ. ಇಡೀ ದಿನದ ಎಣಿಕೆಯನ್ನು /ಟಿಎಂಪಿಯಲ್ಲೇ ಇಟ್ಟಿದ್ದೆ. ಆ ರೂಟರಿನಲ್ಲಿ /ಟಿಎಂಪಿ ಇರುವುದು ರ‍್ಯಾಮ್‌ನಲ್ಲಿ. ಜುಲೈನಲ್ಲಿ ಒಂದು ರಾತ್ರಿ ಮರ ಬಿದ್ದು ಲೈನ್ ಹೋಯಿತು. ಆ ರಾತ್ರಿಯ ಮಳೆ ಎಷ್ಟು ಎಂದು ಇವತ್ತಿಗೂ ನನ್ನ ಪುಸ್ತಕದಲ್ಲಿ ಒಂದು ಸಾಲು ಖಾಲಿ ಇದೆ. ಆಗುಂಬೆಯ ಒಂದು ಜುಲೈ ರಾತ್ರಿಯ ಲೆಕ್ಕ ಕಳೆದುಕೊಳ್ಳುವುದು ಅಂದರೆ ಏನು ಎಂದು ಇಲ್ಲಿಯವರಿಗೆ ಗೊತ್ತು.

ದೊಡ್ಡ ಕಂಪ್ಯೂಟರಿನಲ್ಲೂ ಇದೇ ಕಥೆ. ಫೆಡೋರಾ ಲಿನಕ್ಸ್‌ನಲ್ಲಿ 18ನೇ ಆವೃತ್ತಿಯಿಂದ /ಟಿಎಂಪಿ ರ‍್ಯಾಮ್‌ನಲ್ಲಿದೆ. ಡೆಬಿಯನ್ ಕೂಡ 2025ರ 13ನೇ ಆವೃತ್ತಿಯಲ್ಲಿ ಹಾಗೇ ಮಾಡಿತು. ದೊಡ್ಡ ಫೈಲು ಅಲ್ಲಿ ಸುರಿದರೆ ರ‍್ಯಾಮ್ ತುಂಬುತ್ತದೆ. ರೀಬೂಟ್ ಆದರೂ ಉಳಿಯಬೇಕಾದದ್ದಕ್ಕೆ /ವಾರ್/ಟಿಎಂಪಿ ಇದೆ. ಆದರೆ ನಿಜವಾಗಿ ಬೇಕಾದ ಲೆಕ್ಕವನ್ನು ಟೆಂಪ್ ಅಂತ ಹೆಸರಿರುವ ಯಾವ ಜಾಗದಲ್ಲೂ ಇಡಬೇಡಿ.

ಈಗ ನಾನು ಮಾಡುತ್ತಿರುವುದು ಇದು. ಹತ್ತು ನಿಮಿಷಕ್ಕೊಮ್ಮೆ ಎಣಿಕೆಯನ್ನು ಪೆನ್‌ಡ್ರೈವ್‌ಗೆ ಬರೆಯುತ್ತೇನೆ. ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯುವುದಿಲ್ಲ. ಅದರ ಪಕ್ಕದಲ್ಲೇ, ಅದೇ ಫೋಲ್ಡರಿನಲ್ಲಿ, ಎಂಕೆಟೆಂಪ್‌ನಿಂದ ಹೊಸ ಫೈಲು ಮಾಡಿ ಅದಕ್ಕೆ ಬರೆದು, ಸಿಂಕ್ ಕೊಟ್ಟು (ಬರೆದದ್ದು ಡಿಸ್ಕಿಗೆ ಇಳಿಯುವ ಹಾಗೆ), ಆಮೇಲೆ ಎಂವಿ (ಫೈಲಿನ ಹೆಸರು ಅಥವಾ ಜಾಗ ಬದಲಿಸುವ ಕಮಾಂಡ್) ಮಾಡಿ ಹಳೆಯದರ ಜಾಗಕ್ಕೆ ತರುತ್ತೇನೆ. ಬರೆಯುವಾಗ ಕರೆಂಟ್ ಹೋದರೂ ಹಳೆಯದು ಹಾಗೇ ಇರುತ್ತದೆ. ಬೆಳಿಗ್ಗೆ 8:30ಕ್ಕೆ ಹಿಂದಿನ 24 ಗಂಟೆಯ ಲೆಕ್ಕ ಮುಗಿಸಿ ಪುಸ್ತಕಕ್ಕೂ ಬರೆಯುತ್ತೇನೆ, ಹವಾಮಾನ ಇಲಾಖೆಯ ಮಳೆ ದಿನ ಮುಗಿಯುವುದೂ ಆಗಲೇ.

ತುಂಗೆ ಹುಡುಗ – ಮಂಗಳವಾರ, ಮಧ್ಯಾಹ್ನ 2:00

ಸಾರ್, ಪಕ್ಕದಲ್ಲೇ ಯಾಕೆ? /ಟಿಎಂಪಿಯಲ್ಲಿ ಮಾಡಿ ಎಂವಿ ಮಾಡಿದರೂ ಅದೇ ಆಗಲ್ವಾ?

ಮಳೆಮಾಪಕ – ಮಂಗಳವಾರ, ಮಧ್ಯಾಹ್ನ 2:20

ಆಗುವುದಿಲ್ಲ. ಒಂದೇ ಫೈಲ್‌ಸಿಸ್ಟಮ್ ಒಳಗೆ ಎಂವಿ ಅಂದರೆ ಹೆಸರಿನ ಬದಲಾವಣೆ ಮಾತ್ರ. ಓದುವವರಿಗೆ ಒಂದೋ ಹಳೆಯದು ಕಾಣುತ್ತದೆ, ಒಂದೋ ಹೊಸದು. ಅರ್ಧಂಬರ್ಧ ಕಾಣುವುದಿಲ್ಲ. /ಟಿಎಂಪಿ ರ‍್ಯಾಮ್‌ನಲ್ಲಿ, ಗುರಿ ಪೆನ್‌ಡ್ರೈವ್‌ನಲ್ಲಿ ಇದ್ದರೆ ಎಂವಿ ಕಾಪಿ ಮಾಡಿ ಆಮೇಲೆ ಅಳಿಸುತ್ತದೆ. ಆ ಕಾಪಿಯ ಮಧ್ಯೆ ಕರೆಂಟ್ ಹೋದರೆ ಅರ್ಧ ಫೈಲು ಉಳಿಯುತ್ತದೆ.

ಕುಪ್ಪಳಿ ದಾರಿ – ಮಂಗಳವಾರ, ಮಧ್ಯಾಹ್ನ 3:40

ಇದಕ್ಕೇ ಸೇರಿದ ಇನ್ನೊಂದು. ಎಂಕೆಟೆಂಪ್ ಫೈಲು 0600 ಅಲ್ವಾ? ಎಂವಿ ಮಾಡಿದ ಮೇಲೂ ಅದೇ ಪರ್ಮಿಷನ್ ಜೊತೆಗೆ ಬರುತ್ತದೆ. ನಾನು ಒಂದು ವೆಬ್ ಪುಟವನ್ನು ಹೀಗೆ ಬದಲಿಸಿದ್ದೆ. ನನಗೆ ಕಾಣುತ್ತಿತ್ತು, ಲೋಕಕ್ಕೆ ಕಾಣುತ್ತಿರಲಿಲ್ಲ. ವೆಬ್ ಸರ್ವರ್‌ಗೆ ಅದನ್ನು ಓದುವ ಹಕ್ಕೇ ಇರಲಿಲ್ಲ. ಬೇರೆಯವರು ಓದಬೇಕಾದ ಫೈಲಾದರೆ ಎಂವಿಗೆ ಮೊದಲು ಸಿಎಚ್‌ಮಾಡ್ 644 ಮಾಡಿ (ಎಲ್ಲರೂ ಓದಬಹುದಾದ ಪರ್ಮಿಷನ್).

ಅಡಿಕೆ ಚಪ್ಪರ – ಮಂಗಳವಾರ, ಸಂಜೆ 5:30

ಎಂಕೆಟೆಂಪ್ ಇಲ್ಲವೇ ಇಲ್ಲದ ಹಳೆಯ ಯಂತ್ರದಲ್ಲಿ ಏನು ಮಾಡುವುದು? ನಮ್ಮಲ್ಲಿ ಅಂಥದ್ದೊಂದು ಇನ್ನೂ ಓಡುತ್ತಿದೆ. ಅಲ್ಲದೆ 2008ರ ಪಾಸಿಕ್ಸ್‌ನಲ್ಲೂ (ಯುನಿಕ್ಸ್ ಮಾದರಿ ಸಿಸ್ಟಮ್‌ಗಳ ಸಾಮಾನ್ಯ ನಿಯಮಾವಳಿ) 2017ರ ಪಾಸಿಕ್ಸ್‌ನಲ್ಲೂ ಎಂಕೆಟೆಂಪ್ ಕಮಾಂಡ್ ಇಲ್ಲವಲ್ಲ. ಎಲ್ಲ ಕಡೆ ನಡೆಯುತ್ತದೆ ಎಂದು ಹೇಗೆ ಹೇಳುತ್ತೀರಿ?

ಶರಾವತಿ ದಂಡೆ – ಮಂಗಳವಾರ, ರಾತ್ರಿ 8:15

ಸರಿಯಾದ ಮಾತು. ಸಿ ಭಾಷೆಯ ಎಂಕೆಎಸ್‌ಟೆಂಪ್ ಪಾಸಿಕ್ಸ್‌ನಲ್ಲಿದೆ. ಕಮಾಂಡ್ ಆ ಆವೃತ್ತಿಗಳಲ್ಲಿ ಇಲ್ಲ. ಎಂ4 ಅನ್ನುವ ಮ್ಯಾಕ್ರೋ ಕಮಾಂಡಿನ ಒಳಗೆ ಎಂಕೆಎಸ್‌ಟೆಂಪ್ ಇದೆ, ಅದರ ಮೂಲಕ ಫೈಲು ಮಾಡಿಸಿಕೊಳ್ಳುವ ದಾರಿಯೂ ಇದೆ. ಆದರೆ ಸಣ್ಣ ಯಂತ್ರಗಳಲ್ಲಿ ಎಂ4 ಹಾಕಿರುವುದಿಲ್ಲ. ಹಾಗಾಗಿ ನಾನು ಅದರ ಮೇಲೆ ಭರವಸೆ ಇಡುವುದಿಲ್ಲ.

ಎಲ್ಲ ಕಡೆ ಇರುವುದು ಎಂಕೆಡಿರ್. ಫೋಲ್ಡರ್ ಹುಟ್ಟಿಸುವುದು ಒಂದೇ ಏಟಿನ ಕೆಲಸ. ಆ ಹೆಸರಿನದು ಏನೇ ಇದ್ದರೂ, ಫೈಲಾಗಲಿ, ಫೋಲ್ಡರಾಗಲಿ, ಎಲ್ಲಿಗೂ ಹೋಗದ ಲಿಂಕೇ ಆಗಲಿ, ಎಂಕೆಡಿರ್ ಸೋಲುತ್ತದೆ. ನಮಗೆ ಬೇಕಾದದ್ದೂ ಅದೇ. ಇದೇ ಬಸ್ಸಿನ ಟವೆಲ್. ಮೊದಲು ಯೂಮಾಸ್ಕ್ 077 ಹಾಕಿ (ಹೊಸದಾಗಿ ಹುಟ್ಟುವುದರಿಂದ ಬೇರೆಯವರ ಹಕ್ಕು ತೆಗೆಯುವ ಹೊಂದಿಕೆ), ಆಗ ಫೋಲ್ಡರ್ ಹುಟ್ಟುವಾಗಲೇ 0700 ಆಗಿ ಹುಟ್ಟುತ್ತದೆ. ಹೆಸರಿಗೆ $$ ಮತ್ತು ಒಂದು ಎಣಿಕೆ ಸಾಕು. ಸೋತರೆ ಎಣಿಕೆ ಒಂದು ಏರಿಸಿ ಮತ್ತೆ ಪ್ರಯತ್ನ. ಇಲ್ಲಿ ಮಾತ್ರ $$ಗೆ ನಾನು ಒಪ್ಪುತ್ತೇನೆ. ಯಾಕೆಂದರೆ ಹೆಸರನ್ನು ಯಾರಾದರೂ ಊಹಿಸಿ ಮೊದಲೇ ಇಟ್ಟರೂ ನಮ್ಮ ಪ್ರಯತ್ನ ಸೋಲುತ್ತದೆ ಅಷ್ಟೇ, ಮೋಸ ಆಗುವುದಿಲ್ಲ.

ಎರಡು ಎಚ್ಚರ ಬೇಕು. ಎಂಕೆಡಿರ್‌ಗೆ ಮೈನಸ್ ಪಿ ಹಾಕಲೇಬೇಡಿ. ಅದು ಹಾಕಿದರೆ ಫೋಲ್ಡರ್ ಮೊದಲೇ ಇದ್ದರೂ ಗೆದ್ದೆ ಎಂದು ಹೇಳುತ್ತದೆ, ಬೇರೆಯವರ ಫೋಲ್ಡರನ್ನು ನಮ್ಮದು ಎಂದುಕೊಂಡು ಒಳಗೆ ಹೋಗುತ್ತೇವೆ. ಎಷ್ಟೋ ಜನ ಅಭ್ಯಾಸಬಲದಿಂದ ಮೈನಸ್ ಪಿ ಹಾಕುತ್ತಾರೆ. ಆ ಒಂದು ಅಕ್ಷರ ಎಲ್ಲ ಕಾವಲನ್ನೂ ತೆಗೆದುಬಿಡುತ್ತದೆ. ಇನ್ನೊಂದು, ಪ್ರಯತ್ನಕ್ಕೆ ಮಿತಿ ಇಡಿ, ನೂರು ಸಲ ಸಾಕು. ಡಿಸ್ಕ್ ತುಂಬಿದ್ದರೆ ಎಂಕೆಡಿರ್ ಯಾವ ಹೆಸರಿಗೂ ಗೆಲ್ಲುವುದಿಲ್ಲ, ಲೂಪ್ ಬೆಳಗಿನವರೆಗೂ ತಿರುಗುತ್ತಿರುತ್ತದೆ.

ಸೆಟ್ ಮೈನಸ್ ಸಿ (ದೊಡ್ಡ ಸಿ) ಹಾಕಿದರೆ > ಹಳೆಯ ಫೈಲಿನ ಮೇಲೆ ಬರೆಯುವುದಿಲ್ಲ, ಅದೇ ಸಾಕಲ್ಲ ಎಂದು ಕೇಳುವವರಿದ್ದಾರೆ. ಮಾಮೂಲಿ ಫೈಲಿಗೆ ಅದು ಕೆಲಸ ಮಾಡುತ್ತದೆ. ಆದರೆ ಆ ಹೆಸರಿನಲ್ಲಿ ಒಂದು ಎಫ್‌ಐಎಫ್‌ಒ ಪೈಪ್ ಇಟ್ಟಿದ್ದರೆ ಬ್ಯಾಶ್ ಅದಕ್ಕೆ ಬರೆದುಬಿಡುತ್ತದೆ, ಆ ಕಡೆ ಕೂತವನು ಓದುತ್ತಾನೆ. ಎಂಕೆಡಿರ್‌ಗೆ ಆ ಚಿಂತೆ ಇಲ್ಲ.

ಅಡಿಕೆ ಚಪ್ಪರ – ಮಂಗಳವಾರ, ರಾತ್ರಿ 8:40

ಮೈನಸ್ ಪಿ ನಮ್ಮ ಸ್ಕ್ರಿಪ್ಟಿನಲ್ಲಿ ಇದೆ. ಈಗಲೇ ಹೋಗಿ ತೆಗೆಯುತ್ತೇನೆ.

ತುಂಗೆ ಹುಡುಗ – ಮಂಗಳವಾರ, ರಾತ್ರಿ 9:10

ಅಕ್ಕ, ಎಂಕೆಟೆಂಪ್ ಮೈನಸ್ ಯು ನೋಡಿದೆ. ಬರೀ ಹೆಸರು ಕೊಡುತ್ತದೆ, ಫೈಲು ಮಾಡುವುದಿಲ್ಲ. ಅದು ಕಿಟಕಿಯಿಂದ ನೋಡಿದ ಹಾಗೆ ತಾನೇ?

ಶರಾವತಿ ದಂಡೆ – ಮಂಗಳವಾರ, ರಾತ್ರಿ 9:18

ಹೌದು ತಮ್ಮಾ, ಸರಿಯಾಗಿ ಹಿಡಿದೆ. ಅದನ್ನು ಬಳಸಬೇಡ.

ಎಷ್ಟೋ ಸಲ ಟೆಂಪ್ ಫೈಲೇ ಬೇಕಾಗುವುದಿಲ್ಲ, ಅದೂ ನೆನಪಿರಲಿ. ಒಂದು ಕಮಾಂಡಿನಿಂದ ಇನ್ನೊಂದಕ್ಕೆ ಪೈಪ್ ಹಾಕಿದರೆ ಮುಗಿಯುವ ಕೆಲಸಕ್ಕೆ ನಡುವೆ ಫೈಲು ಯಾಕೆ? ಪಟ್ಟಿಯನ್ನು ಸಾರ್ಟ್ ಮಾಡಿ ಅದೇ ಫೈಲಿಗೆ ಇಡಬೇಕು ಅಂದರೆ > ಹಾಕಬೇಡ. ಸಾರ್ಟ್ ಓದುವ ಮೊದಲೇ ಶೆಲ್ ಫೈಲನ್ನು ಖಾಲಿ ಮಾಡಿರುತ್ತದೆ. ಸಾರ್ಟ್‌ನ ಮೈನಸ್ ಒ ಆಯ್ಕೆ ಅದಕ್ಕೇ ಇರುವುದು.

ತೋಟದಮನೆ – ಬುಧವಾರ, ಬೆಳಿಗ್ಗೆ 10:30

ನಿನ್ನೆ ರಾತ್ರಿ ಕೂತು ಬದಲಿಸಿದೆ. ಸ್ಕ್ರಿಪ್ಟ್ ಈಗ ಹೀಗೆ ಶುರುವಾಗುತ್ತದೆ. ಯೂಮಾಸ್ಕ್ 077. 'ಕೋಣೆ' ಅನ್ನುವ ವೇರಿಯಬಲ್‌ಗೆ ಖಾಲಿ ಬೆಲೆ (ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿದ್ದೇನೆ). ಕೋಣೆ ಖಾಲಿ ಇಲ್ಲದಿದ್ದರೆ ಅಳಿಸುವ ಒಂದು ಫಂಕ್ಷನ್, ಅದಕ್ಕೆ ಎಕ್ಸಿಟ್ ಟ್ರ್ಯಾಪ್, ಮೂರು ಸಿಗ್ನಲ್‌ಗೆ ಮೂರು ಟ್ರ್ಯಾಪ್. ಆಮೇಲೆ ಎಂಕೆಟೆಂಪ್ ಮೈನಸ್ ಡಿ, ಟಿಎಂಪಿಡಿಐಆರ್ ಇದ್ದರೆ ಅಲ್ಲಿ, ಇಲ್ಲದಿದ್ದರೆ /ಟಿಎಂಪಿಯಲ್ಲಿ, ಕೊನೆಗೆ ಆರು ಎಕ್ಸ್. ಸೋತರೆ ಎಕ್ಸಿಟ್ 1. ದರ ಬರೆಯುವುದು ಸೋತರೂ ಎಕ್ಸಿಟ್ 1. ಕ್ರಾನ್‌ನಲ್ಲಿ ರೂಟ್ ತೆಗೆದು ನನ್ನ ಲಾಗಿನ್‌ಗೆ ಹಾಕಿದೆ. ಅದಕ್ಕೆ ರೂಟ್ ಬೇಕಾಗಿಯೇ ಇರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಕರೆಂಟ್ ಹೋಗಿ ಫೋಲ್ಡರ್ ಉಳಿದರೆ ಅದನ್ನು ಗುಡಿಸಲು ಇನ್ನೊಂದು ಸ್ಕ್ರಿಪ್ಟ್ ಬೇಕಾ?

ಶರಾವತಿ ದಂಡೆ – ಬುಧವಾರ, ಬೆಳಿಗ್ಗೆ 11:00

ಬೇಡ. /ಟಿಎಂಪಿಯನ್ನು ಗುಡಿಸುವ ಕೆಲಸ ಸಿಸ್ಟಮ್‌ನದು. ಸಿಸ್ಟಮ್‌ಡಿಯ (ಬಹುತೇಕ ಲಿನಕ್ಸ್‌ಗಳಲ್ಲಿ ಇಂಥ ಕೆಲಸ ನಡೆಸುವ ವ್ಯವಸ್ಥೆ) ಮೂಲ ಹೊಂದಿಕೆಯಲ್ಲಿ /ಟಿಎಂಪಿಗೆ 10 ದಿನ, /ವಾರ್/ಟಿಎಂಪಿಗೆ 30 ದಿನ. ಎಷ್ಟೋ ಕಡೆ ರೀಬೂಟ್‌ನಲ್ಲೇ ಹೋಗುತ್ತದೆ. ಉಳಿದ ಫೋಲ್ಡರ್ ನಿಮ್ಮ ಮುಂದಿನ ಓಟಕ್ಕೆ ಅಡ್ಡಿಯೂ ಅಲ್ಲ, ಪ್ರತಿ ಸಲ ಹೊಸ ಹೆಸರು ಸಿಗುತ್ತದೆ. ಎಲ್ಲರ ಅಂಗಳವನ್ನು ನಾವು ಸ್ಕ್ರಿಪ್ಟಿನಿಂದ ಗುಡಿಸಲು ಹೋದರೆ ಬೇರೆಯವರ ಚೀಲವನ್ನೂ ಎತ್ತಿಬಿಡುವ ಭಯ ಇದೆ, ರೂಟ್ ಆಗಿದ್ದರೆ ಇನ್ನೂ ಜಾಸ್ತಿ.

ತೋಟದಮನೆ – ಗುರುವಾರ, ಸಂಜೆ 4:45

ಎಸ್ಸೆಮ್ಮೆಸ್ ಕಳಿಸುವ ಸಾಲನ್ನು ಮುಚ್ಚಿ ನಿನ್ನೆ ಪರೀಕ್ಷೆ ಮಾಡಿದೆ. ಒಂದೇ ಸಲಕ್ಕೆ ಎರಡು ಕಡೆಯಿಂದ ಓಡಿಸಿದೆ. ಎರಡು ಫೋಲ್ಡರ್ ಹುಟ್ಟಿದವು, ಬೇರೆ ಬೇರೆ ಹೆಸರು. ಒಂದನ್ನು ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿದೆ, ಅದರ ಫೋಲ್ಡರ್ ಹೋಯಿತು, ಇನ್ನೊಂದು ತನ್ನ ಪಾಡಿಗೆ ಮುಗಿಯಿತು. ಬೇಕೆಂದೇ ನೆಟ್ ಕೇಬಲ್ ಕಿತ್ತು ನೋಡಿದೆ. ದರ ಸಿಗಲಿಲ್ಲ, ಸ್ಕ್ರಿಪ್ಟ್ ಅಲ್ಲೇ ನಿಂತಿತು, ಒಂದು ಸಂದೇಶವೂ ಹೊರಗೆ ಹೋಗಲಿಲ್ಲ. ತಂಗಿಯ ಮ್ಯಾಕ್‌ನಲ್ಲೂ ಒಂದು ಅಕ್ಷರ ಬದಲಿಸದೆ ನಡೆಯಿತು. ಇವತ್ತು ಬೆಳಿಗ್ಗೆ ಸರಿಯಾದ ದರ ಎಲ್ಲರಿಗೂ ಹೋಯಿತು.

ಆ ನಾಲ್ಕು ಚೀಲದವರ ಮನೆಗೆ ಈಗ ಹೊರಟಿದ್ದೇನೆ. ಅವತ್ತು ಏನಾಯಿತು ಎಂದು ಅವರಿಗೆ ಎದುರಿಗೇ ಹೇಳಬೇಕು.